ಮೂಲೆ ಹರಿದ ಕಾರ್ಡು

ಶಶಿಧರನ ಅತ್ತೆ ಮಲ್ಲವ್ವ ಸೋಮವಾರ ಮಾತಾಡುತ್ತಿರಲಿಲ್ಲ. ಬೆಳಗಿನಿಂದ ಸಂಜೆ ದೇವರ ಮುಂದೆ ದೀಪ ಹಚ್ಚುವವರೆಗೆ ಮೌನ. ಬೆಳಗಾವಿಯಲ್ಲಿ ಹಿಡಿದ ವ್ರತ, ಮಗಳ ಮನೆಗೆಂದು ಸಿಡ್ನಿಗೆ ಬಂದ ಮೇಲೂ ಬಿಟ್ಟಿರಲಿಲ್ಲ. ಉಳಿದ ಆರು ದಿನ ಅವರ ಮಾತು ಕೇಳಿ ಸುಸ್ತಾದ ಅಳಿಯನಿಗೆ ಸೋಮವಾರವೆಂದರೆ ಹಬ್ಬ. ಶಿವ ಬೇರೇನೂ ಕೊಡದಿದ್ದರೂ ವಾರಕ್ಕೊಂದು ಸೋಮವಾರ ಕೊಟ್ಟಿದ್ದಾನೆ ಎಂದು ಅವನು ಕೈಮುಗಿಯುತ್ತಿದ್ದ. ಆ ಸೋಮವಾರದವರೆಗೆ.

ಶಶಿಧರನಿಗೂ ಒಂದು ವ್ರತವಿತ್ತು. ಸಿಡ್ನಿಯ ಬ್ಲ್ಯಾಕ್‌ಟೌನ್ ಬಡಾವಣೆಗೆ ಬಂದ ಹೊಸತರಲ್ಲಿ, ಯಾರೋ ಮನೆಯ ಹಳೆ ಸಾಮಾನು ಮಾರುತ್ತಿದ್ದ ಗರಾಜ್ ಸೇಲಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಹಳೆಯ ಚಿತ್ರದ ಕಾರ್ಡುಗಳು ಸಿಕ್ಕಿದ್ದವು. ಕ್ರಿಕೆಟ್ಟಿನವರು ಇರಬೇಕೆಂದು ಮನೆಗೆ ತಂದು ನೋಡಿದರೆ ಎಲ್ಲರ ಕೈಯಲ್ಲೂ ಒನಕೆ. ಅವರು ಅಮೆರಿಕದ ಬೇಸ್‌ಬಾಲ್ ಆಟಗಾರರು. ಆ ಆಟದ ತಲೆಬುಡ ಇವನಿಗೆ ಇವತ್ತಿಗೂ ಗೊತ್ತಿಲ್ಲ, ಆದರೆ ಕಾರ್ಡಿನ ಹುಚ್ಚು ಮಾತ್ರ ಹತ್ತಿಬಿಟ್ಟಿತು. ಮುಕ್ಕಾಗದ ಹಳೆಯ ಕಾರ್ಡಿಗೆ ಕಾರಿನ ಬೆಲೆ. ಹಾಗಾಗಿ ಮಡಚಿದ್ದು, ಚಹಾ ಚೆಲ್ಲಿದ್ದು, ಗೋಡೆಗೆ ಮೊಳೆ ಹೊಡೆದಿದ್ದು, ಯಾವನೋ ಪೋರ ಪೆನ್ನಿನಿಂದ ಮೀಸೆ ಬರೆದದ್ದು, ಇಂಥವನ್ನೇ ಹುಡುಕಿ ಕೂಡಿಹಾಕಿದ. ಬರುಬರುತ್ತ ಅದೇ ಒಂದು ಸಿದ್ಧಾಂತವಾಯಿತು. ಯಾರಾದರೂ ನಕ್ಕರೆ, "ಆಡಿದ ಹುಡುಗರ ಮೊಣಕಾಲು ನೋಡ್ರಿ, ಗಾಯ ಇರ್ತದಿಲ್ಲೋ? ಇವೂ ಹಂಗ. ಗಾಯ ಇಲ್ಲದ ಕಾರ್ಡು ಯಾರ ಕಿಸೇದಾಗೂ ಅಡ್ಡಾಡಿಲ್ಲ, ಅದರಾಗ ಜೀವ ಇಲ್ಲ," ಎಂದು ಭಾಷಣ ಬಿಗಿಯುತ್ತಿದ್ದ. ಓಣಿಯ ಕನ್ನಡದವರು ಅವನ ಬೆನ್ನ ಹಿಂದೆ ಮುಕ್ಕು ಶಶಿಧರ ಎನ್ನುತ್ತಿದ್ದರು. ಅದು ಅವನಿಗೂ ಗೊತ್ತಿತ್ತು.

ಒಂದು ಹಳೆಯ ತಂಡದ ಎಲ್ಲರೂ ಅವನ ಆಲ್ಬಮ್ಮಿನಲ್ಲಿ ಬಂದು ಕೂತಿದ್ದರು, ಹ್ಯಾಂಕ್ ಬೊಡೀನ್ ಎಂಬೊಬ್ಬನನ್ನು ಬಿಟ್ಟು. ಬಿದ್ದ ಹಲ್ಲಿನ ಜಾಗಕ್ಕೆ ನಾಲಗೆ ಹೋಗುವಂತೆ ಆ ಖಾಲಿ ಜಾಗಕ್ಕೆ ಅವನ ಕಣ್ಣು ಹೋಗುತ್ತಿತ್ತು. ವರ್ಷಗಟ್ಟಲೆ ಹುಡುಕಿದ ಮೇಲೆ ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿರುವ ಗೆಳೆಯ ತೇಜಸ್ ಫೋನ್ ಮಾಡಿದ. ಅಲ್ಲಿನ ಮಾರ್ಕೆಟ್ಟಿನಲ್ಲಿ ಏನೂ ತಿಳಿಯದ ಮುದುಕನೊಬ್ಬ ಚಿಲ್ಲರೆ ಕಾಸಿಗೆ ಕೊಟ್ಟನಂತೆ. "ಲಾಂಗ್ ವೀಕೆಂಡ್‌ಗೆ ಸಿಡ್ನಿಗೆ ಬರ್ತಿದೀನಿ ಸರ್, ನಾನೇ ತಂದು ಕೊಡ್ತೀನಿ. ಕಂಡೀಷನ್ ಮಾತ್ರ ಈಗ ಹೇಳಲ್ಲ. ನೋಡಿದ್ರೆ ಶಾಕ್ ಆಗ್ತೀರ," ಎಂದು ನಕ್ಕ. ಎಷ್ಟೇ ಚಿಂದಿಯಾಗಿದ್ದರೂ ಪರವಾಗಿಲ್ಲ ಎಂದ ಶಶಿಧರ. ಎರಡು ರಾತ್ರಿ ನಿದ್ದೆ ಬರಲಿಲ್ಲ.

ರಾಣಿಯ ಹುಟ್ಟುಹಬ್ಬದ ರಜೆಯ ಸೋಮವಾರ ಅದು. ಹೆಂಡತಿ ಶಾಂಭವಿಗೆ ಮಾತ್ರ ರಜೆಯಿಲ್ಲ, ಸಿಡ್ನಿಯದೇ ಲಿವರ್‌ಪೂಲ್ ಬಡಾವಣೆಯ ಆಸ್ಪತ್ರೆಯಲ್ಲಿ ನರ್ಸ್ ಡ್ಯೂಟಿ. ಅವಳನ್ನು ಬಿಟ್ಟು ಶಶಿಧರ ಮನೆಗೆ ಮರಳಿದಾಗ ಪಕ್ಕದ ಮನೆಯ ಗೌರಕ್ಕ ಸೆರಗು ತಲೆಮೇಲೆ ಹೊದ್ದು ಇವನ ಗೇಟಿನಲ್ಲೇ ನಿಂತಿದ್ದಳು. ಹುಬ್ಬಳ್ಳಿಯ ಹೆಣ್ಣುಮಗಳು. ಅವಳ ಕಿವಿಗೆ ಬಿದ್ದ ಸುದ್ದಿ ಬ್ಲ್ಯಾಕ್‌ಟೌನ್ ದಾಟಲು ರೈಲಿಗಿಂತ ಕಡಿಮೆ ಹೊತ್ತು ಸಾಕು.

"ಗಟ್ಟಿ ಮನಸ ಮಾಡ್ಕೋ ತಮ್ಮಾ," ಎಂದು ಅವನ ಕೈ ಹಿಡಿದಳು. "ಯಾರು ಹೋದ್ರು?"

"ಎಲ್ಲಿಗೆ?"

ಗೌರಕ್ಕ ಕಣ್ಣೊರೆಸಿಕೊಂಡು ನಡೆದದ್ದನ್ನೆಲ್ಲ ಹೇಳಿದಳು. ಬೆಳಿಗ್ಗೆ ಮಲ್ಲವ್ವ ಬಂದು ಇವಳ ಕೈಯಲ್ಲೊಂದು ಕಾರ್ಡು ಇಟ್ಟು, ಬೆರಳು ಮೇಲಕ್ಕೆ ಮಾಡಿ ತೋರಿಸಿ, ಆಮೇಲೆ ರಸ್ತೆಯ ಕಡೆ ತೋರಿಸಿ, ಮೂಗು ಸೀಟಿಕೊಂಡು ಹೋದರಂತೆ. ಕಾರ್ಡಿಗೆ ಮೂಲೆ ಹರಿದಿತ್ತಂತೆ. ಊರ ಕಡೆ ಮೂಲೆ ಹರಿದ ಕಾರ್ಡು ಬಂತೆಂದರೆ ಅದನ್ನು ಓದಬೇಕಾಗಿಯೇ ಇಲ್ಲ, ಸಾವಿನ ಸುದ್ದಿ. ಹಾಗಾಗಿ ಅವಳು ನಾಲ್ಕು ಮನೆಗೆ ಫೋನ್ ಮಾಡಿ, ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಚಿತ್ರಾನ್ನ ಮಾಡಿಟ್ಟು, ತಲೆ ಮೇಲೆ ನೀರು ಹಾಕಿಕೊಂಡು ಬಂದಿದ್ದಳು.

"ಅದರಾಗ ಟೊಪ್ಪಿಗಿ ಹಾಕಿದ ಗಂಡಸಿನ ಫೋಟೋ ಇತ್ತೇನು?" ಶಶಿಧರ ಕೈ ಬಿಡಿಸಿಕೊಂಡ.

"ಹೌದಪಾ. ಎಳೀ ವಯಸ್ಸು. ಪಾಪ."

"ಈಗ ಎಲ್ಲೈತಿ ಅದು?"

"ಅಂಥಾದ್ದು ಮನಿಯಾಗ ಇಡೂದಿಲ್ಲಲ್ಲ. ಬಿನ್ನಿಗೆ ಒಗದೆ."

ಶಶಿಧರನಿಗೆ ಸಿಟ್ಟು ನೆತ್ತಿಗೇರಿತು. ಏನು ಜನ ಇವರು? ವಿಮಾನ ಹತ್ತಿ ಸಮುದ್ರ ದಾಟಿ ಬಂದು, ಕಾಯಂ ವಾಸದ ಪಿಆರ್ ತೊಗೊಂಡು, ಮಾರ್ಟ್‌ಗೇಜ್ ಕಟ್ಟುತ್ತ ಕೂತವರು, ಒಂದು ಮೂಲೆ ಹರಿದರೆ ಹೆಣ ಹೊರಲು ಸಿದ್ಧ! ಅವನು ಗೌರಕ್ಕನ ಅಂಗಳಕ್ಕೆ ನುಗ್ಗಿ ಹಳದಿ ಮುಚ್ಚಳದ ಕಸದ ಬಿನ್ನಿನಲ್ಲಿ ಸೊಂಟದವರೆಗೆ ಇಳಿದ. ಮೊಸರಿನ ಡಬ್ಬಿ, ಪಿಜ್ಜಾದ ಜಾಹೀರಾತು, ಹಳೆಯ ಪೇಪರು. ಆಳಕ್ಕೆ ಕೈ ಹಾಕಿದಷ್ಟೂ ಕಾಲು ಮೇಲಕ್ಕೆ ಹೋದವು.

ಅಷ್ಟರಲ್ಲಿ ಗುರುಶಾಂತಪ್ಪನವರು ಬಂದರು. ಓಣಿಯ ಹಿರಿಯರು, ಯಾರ ಮನೆಯ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಮೊದಲ ಮಾತು ಅವರದೇ. ಬಿನ್ನಿನಿಂದ ಹೊರಗಿದ್ದ ಎರಡು ಕಾಲುಗಳನ್ನು ನೋಡಿ ದುಃಖದಿಂದ ಬುದ್ಧಿ ಪಲ್ಲಟವಾಗಿದೆ ಎಂದುಕೊಂಡರು. ಹುಟ್ಟಿದವರೆಲ್ಲ ಒಂದು ದಿನ ಹೋಗಲೇಬೇಕು, ಮುಂದಿನದನ್ನು ನೋಡಬೇಕು ಎಂದು ಆ ಕಾಲುಗಳಿಗೆ ಸಮಾಧಾನ ಹೇಳತೊಡಗಿದರು. ಅವರ ಹಿಂದೆಯೇ ಎರಡು ಓಣಿ ಆಚೆಯ ಕಲ್ಲಯ್ಯನೂ ಬಂದ. ಬೆಳಗಾವಿಯಲ್ಲಿ ಮಲ್ಲವ್ವನ ಓಣಿಯವನೇ ಆದ ಅವನು ಓದಲು ಬಂದು ಇಲ್ಲೇ ಕೆಲಸ ಹಿಡಿದಿದ್ದ.

ಶಶಿಧರ ಕಾರ್ಡು ಹಿಡಿದು ಎದ್ದ. ಹ್ಯಾಂಕ್ ಬೊಡೀನ್ ನಗುತ್ತಿದ್ದ. ಬಲಗಡೆಯ ಮೇಲಿನ ಮೂಲೆ ಇರಲಿಲ್ಲ. ಮೈಮೇಲೆ ಎರಡು ಕಡೆ ಮೊಸರಿನ ಕಲೆ.

"ಇವರು ಯಾವಾಗ ಹೋದ್ರು?" ಎಂದರು ಗುರುಶಾಂತಪ್ಪ, ಫೋಟೋ ನೋಡಿ.

"ಇವ ಸತ್ತು ಮೂವತ್ತು ವರ್ಷ ಆತು!"

"ಸುದ್ದಿ ಈಗ ಬಂತೇನು?"

ಶಶಿಧರ ಅಲ್ಲೇ ಎಲ್ಲರನ್ನೂ ನಿಲ್ಲಿಸಿಕೊಂಡು ದಬಾಯಿಸಿದ. ಇದು ಆಟದ ಕಾರ್ಡು, ತಾನು ಹರಿದದ್ದನ್ನೇ ತರಿಸುವವನು, ಯಾರೂ ಸತ್ತಿಲ್ಲ, ಇನ್ನೊಮ್ಮೆ ಯಾರಾದರೂ ತಲೆಗೆ ನೀರು ಹಾಕಿಕೊಂಡರೆ ತಾನು ಜವಾಬ್ದಾರನಲ್ಲ. ಕಲ್ಲಯ್ಯ ಮಾತ್ರ ಅನುಮಾನಿಸಿದ. ಊರಲ್ಲಿ ಅವನ ಅಜ್ಜ ಹಾಸಿಗೆ ಹಿಡಿದಿದ್ದರು, ಮನಸ್ಸಿಗೆ ಯಾಕೋ ಕಸಿವಿಸಿ, ಫೋನ್ ಹಚ್ಚಿ ಕೇಳುತ್ತೇನೆ ಎಂದ. "ನಿಮ್ಮಜ್ಜ ನನಗಿಂತ ಗಟ್ಟಿ ಅದಾರ, ಸುಮ್ಮನಿರೋ," ಎಂದು ಶಶಿಧರ ಅವನನ್ನೂ ಗದರಿಸಿ, ಎಲ್ಲರನ್ನೂ ಮನೆಯೊಳಗೆ ಕರೆದುಕೊಂಡು ಹೋದ.

ಒಳಗೆ ಮಲ್ಲವ್ವ ಒದ್ದೆ ಕೂದಲು ಬಿಟ್ಟುಕೊಂಡು ಕೂತಿದ್ದರು. ಉತ್ತರ ಕೊಡಲಾಗದ ಅತ್ತೆ ಅಳಿಯನ ಕೈಗೆ ಸಿಗುವುದು ಪೂರ್ವಜನ್ಮದ ಪುಣ್ಯ. ಶಶಿಧರ ಆ ಪುಣ್ಯವನ್ನು ಒಂದು ಚೂರೂ ಉಳಿಸಲಿಲ್ಲ. ಮಂದಿಯ ವಸ್ತು ಮುಟ್ಟುವುದು, ಹರಿದ ಮೂಲೆ ಕಂಡಲ್ಲಿ ಸಾವು ಕಾಣುವುದು, ಓಣಿ ಎಬ್ಬಿಸುವುದು, ಒಂದೊಂದನ್ನೂ ಬಿಡಿಸಿ ಬಿಡಿಸಿ ಹೇಳಿದ. ಮಲ್ಲವ್ವ ಎರಡೂ ಕೈ ಅಲ್ಲಾಡಿಸಿ, ಬೆರಳು ಮೇಲೆ ಮಾಡಿ, ಆಮೇಲೆ ಕಲ್ಲಯ್ಯನ ಕಡೆ ತೋರಿಸಿದರು.

ಮೇಲಿನ ಕಪಾಟಿನಲ್ಲಿ ಅವರು ಬೆಳಗಾವಿಯಿಂದ ತಂದ ಕುಂದಾದ ಡಬ್ಬಿಯಿತ್ತು. ಶಶಿಧರನ ಸಿಟ್ಟು ಅರ್ಧ ಇಳಿಯಿತು. "ನೋಡ್ರಿ, ತಪ್ಪಿನ ಅರಿವಾತು. ಮ್ಯಾಲಿನ ಕುಂದಾ ಕಲ್ಲಯ್ಯಗ ಕೊಡಂತಾರ," ಎಂದು ಡಬ್ಬಿ ಇಳಿಸಿ ಕಲ್ಲಯ್ಯನ ತಟ್ಟೆಗೆ ದೊಡ್ಡ ಚಮಚ ಹಾಕಿದ. ಮಲ್ಲವ್ವ ಓಡಿ ಬಂದು ಕಲ್ಲಯ್ಯನ ಮುಂಗೈ ಹಿಡಿದುಕೊಂಡರು. ಕೊಟ್ಟ ಮೇಲೆ ಜೀವ ತಡೆಯುತ್ತಿಲ್ಲ ಎಂದು ಶಶಿಧರ ಎಲ್ಲರಿಗೂ ಕಣ್ಣು ಮಿಟುಕಿಸಿ, ಅತ್ತೆಯ ಕೈ ಬಿಡಿಸಿ, ಇನ್ನೊಂದು ಚಮಚ ಬಡಿಸಿದ. ಅಪಶಕುನ ಕಳೆಯಲೆಂದು ಎಲ್ಲರಿಗೂ ಬಲವಂತ ಮಾಡಿದ. ಸಾವಿಗೆಂದು ಬಂದ ಚಿತ್ರಾನ್ನವೂ ಖರ್ಚಾಯಿತು. ಮಲ್ಲವ್ವ ಹಣೆ ಹಣೆ ಚಚ್ಚಿಕೊಂಡು ದೇವರ ಕೋಣೆ ಸೇರಿದರು. ಹರಟೆ ನಗೆಯಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ. ಅಲ್ಲಿ ಜೂನ್ ಎಂದರೆ ಚಳಿಗಾಲ, ಬೇಗ ಕತ್ತಲಾಯಿತು.

ದೇವರ ಕೋಣೆಯಲ್ಲಿ ದೀಪ ಹತ್ತಿತು. ಮಲ್ಲವ್ವ ಕೈಮುಗಿದು ಹೊರಗೆ ಬಂದರು. ಅಳಿಯನ ಕಡೆ ತಿರುಗಿಯೂ ನೋಡಲಿಲ್ಲ.

"ಕಲ್ಲಯ್ಯಾ, ನಿಮ್ಮಜ್ಜ ಈರಯ್ಯನವರು ರಾತ್ರಿ ಲಿಂಗೈಕ್ಯ ಆದ್ರಪಾ. ನಿನ್ನ ಹೊಸಾ ನಂಬರ ಮನಿಯವರ ಕಡೆ ಇಲ್ಲಂತ. ಮುಂಜಾನೆ ಇವರು ಆಸ್ಪತ್ರೆಗೆ ಹೋದಾಗ ನನ್ನ ಮಗ ಇಲ್ಲಿಗೆ ಫೋನ್ ಮಾಡಿ ಹೇಳಿದ."

ಕಲ್ಲಯ್ಯನ ಕೈಯಲ್ಲಿ ಮೂರನೆಯ ಸಲದ ಕುಂದಾ ಇತ್ತು. ಅವನು ತಟ್ಟೆಯನ್ನು ಮೆಲ್ಲಗೆ ನೆಲದ ಮೇಲಿಟ್ಟ.

ಗುರುಶಾಂತಪ್ಪನವರು ಮಲ್ಲವ್ವನ ಕಡೆ ತಿರುಗಿದರು. "ಮತ್ತ ಆ ಕಾರ್ಡು, ಮಲ್ಲವ್ವಾರ?"

"ಅದನ್ನ ಮೆಲ್ಬರ್ನದಿಂದ ಒಬ್ಬ ಹುಡುಗ ಬಂದು ಕೊಟ್ಟು ಹೋದ. ನನಗ ಬರಿಲಿಕ್ಕೆ ಬರೂದಿಲ್ಲ, ಬಾಯಿ ತಗಿಯೂಹಂಗಿಲ್ಲ. ಸತ್ತವರಂತೂ ಎದ್ದು ಬರೂದಿಲ್ಲ, ವ್ರತ ಯಾಕ ಮುರೀಲಿ? ಕಾರ್ಡು ಹೊಸಾದರಂಗ ಇತ್ತು, ನಾಕೂ ಮೂಲಿ ಒಂದೀಟೂ ಸವದಿರಲಿಲ್ಲ. ಅದರಾಗ ಒಂದು ಮೂಲಿ ನಾನ ಹರದು, ಕಲ್ಲಯ್ಯನ ಮನಿಗೆ ಮುಟ್ಟಿಸು ಅಂತ ಗೌರಕ್ಕನ ಕೈಯಾಗ ಇಟ್ಟೆ."

ಕಲ್ಲಯ್ಯನ ಹತ್ತಿರ ಹೋಗಬೇಕು, ಕೈ ಹಿಡಿದುಕೊಳ್ಳಬೇಕು, ತಪ್ಪಾಯಿತು ಎನ್ನಬೇಕು. ಇದೆಲ್ಲ ಶಶಿಧರನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಬಾಯಿ ತೆರೆದದ್ದೂ ಅದಕ್ಕೇ.

"ಅತ್ತೀ, ಆ ತುಂಡು ಎಲ್ಲಿ ಒಗದ್ರಿ?" ಎಂದುಬಿಟ್ಟ.

ಗೌರಕ್ಕ ಇವನನ್ನು ಹುಳು ನೋಡಿದಂತೆ ನೋಡಿದಳು. ಗುರುಶಾಂತಪ್ಪನವರು ಕಲ್ಲಯ್ಯನ ಹೆಗಲಿಗೆ ಕೈ ಹಾಕಿ ಎಬ್ಬಿಸಿದರು. ಮಲ್ಲವ್ವನೂ ಶಾಲು ಹೊದ್ದುಕೊಂಡು ಅವರ ಜೊತೆಗೇ ಹೊರಟರು. ಬಾ ಎಂದು ಶಶಿಧರನನ್ನು ಯಾರೂ ಕರೆಯಲಿಲ್ಲ.

ಅವನು ಕಾರ್ಡಿನ ಮೊಸರು ಒರೆಸಿ ಆಲ್ಬಮ್ಮಿನ ಖಾಲಿ ಜಾಗದಲ್ಲಿ ಇಟ್ಟ. ಹರಿದ, ಮಡಚಿದ, ಮೀಸೆ ಬರೆದ ಗೆಳೆಯರ ಸಾಲಿನಲ್ಲಿ ಹ್ಯಾಂಕ್ ಬೊಡೀನ್ ಒಂದಿಷ್ಟೂ ಬೇರೆಯಾಗಿ ಕಾಣಲಿಲ್ಲ. ಗಾಯವಿದ್ದರೇ ಜೀವ ಎಂದು ಕಂಡಕಂಡವರಿಗೆ ಹೇಳುತ್ತ ಬಂದವನು ಅದನ್ನು ನೋಡುತ್ತ ನೋಡುತ್ತ ಗಳಗಳ ಅತ್ತುಬಿಟ್ಟ. ಸ್ವಲ್ಪ ಹೊತ್ತಿಗೆ ಡ್ಯೂಟಿ ಮುಗಿಸಿ, ಓಣಿಯಲ್ಲೇ ಸಾವಿನ ಸುದ್ದಿ ಕೇಳಿ ಬಂದ ಶಾಂಭವಿ, ಗಂಡನಿಗೆ ಈರಯ್ಯಜ್ಜನ ಮೇಲೆ ಇಷ್ಟು ಪ್ರೀತಿಯಿತ್ತೆಂದು ಗೊತ್ತಿರಲಿಲ್ಲ ಎಂದು ಬೆನ್ನು ಸವರಿದಳು.