ಅಣ್ಣನ ಎದೆಯೊಳಗೆ ಠಿಕಾಣಿ ಹೂಡಿದವನು

ಮಕ್ತಲದಲ್ಲಿ ಔಷಧ ಅಂಗಡಿ ಇಟ್ಟ ದಿನದಿಂದ ನನ್ನನ್ನು ಅರ್ಧ ಡಾಕ್ಟರ್ ಅಂತ ಕರೆಯುವವನು ಒಬ್ಬನೇ: ನಾನು. ಈ ಅರ್ಧ ಡಾಕ್ಟರಿಕೆಯಿಂದ ಏನಾದರೊಂದು ಫಜೀತಿ ಆಗುತ್ತಲೇ ಇರುತ್ತದೆ. ಈ ಸಲದ್ದು ಮನೆಯೊಳಗೇ ಆಯಿತು.

೧. ನಾಲ್ಕು ಸಲ

ನಾರಾಯಣಪೇಟೆಯಲ್ಲಿ ಸೀರೆ ನೇಯುವ ನಮ್ಮಣ್ಣನಿಗೆ ಕ್ಷಯ. ಆರು ತಿಂಗಳು ಗುಳಿಗೆ ನುಂಗಬೇಕಾದವನು ಎರಡನೇ ತಿಂಗಳಿಗೇ ಕೈಬಿಟ್ಟ.

"ಕೆಮ್ಮು ಹೋಗೇತಿ. ಇನ್ಯಾಕೋ ಗುಳಿಗಿ?"

ನಡುವೆ ಬಿಟ್ಟರೆ ರೋಗ ತಿರುಗಿ ಬೀಳುತ್ತದೆ, ಆಗ ಈ ಗುಳಿಗೆಯೂ ನಾಟಲಿಕ್ಕಿಲ್ಲ ಎಂದರೆ ಕೇಳಲಿಲ್ಲ. ಇವನಿಗೆ ಪೂರಾ ನುಂಗಿಸದಿದ್ದರೆ ಅಂಗಡಿಯ ಬೋರ್ಡು ಇಳಿಸುತ್ತೇನೆ ಎಂದು ಆಣೆ ಮಾಡಿದೆ.

ಅಣ್ಣನ ಮಗಳು ಹೈದರಾಬಾದಿನಲ್ಲಿ ರೋಗಾಣುಗಳ ಮೇಲೇ ಸಂಶೋಧನೆ ಮಾಡುತ್ತಾಳೆ. ಕೆಮ್ಮು ಹೋದರೂ ಕ್ರಿಮಿ ಒಳಗೆ ಹೇಗೆ ಉಳಿಯುತ್ತದೆ ಎಂದು ಕೇಳಲು ಅವಳಿಗೆ ಫೋನ್ ಹಚ್ಚಿದೆ.

"ಕಾಕಾ, ನಮ್ಮ ಜೀವಕೋಶ ಈ ಕ್ರಿಮಿನ ನುಂಗಿ ಒಂದು ಚೀಲದಾಗ ಹಾಕತೈತಿ. ಆಮ್ಯಾಲೆ ಆ ಚೀಲಕ್ಕ ಆಸಿಡ್ ಸುರುವಿ ಕರಗಸ್ಬೇಕು. ಆದ್ರ ಕ್ರಿಮಿ ತನ್ನ ಪ್ರೋಟೀನ್ ಹೊರಗ ಬಿಟ್ಟು, 'ಇಲ್ಲಿ ಸುರುವು' ಅನ್ನೋ ಗುರುತನ್ನೇ ಅಳಿಸಿಬಿಡತೈತಿ. ಆಸಿಡ್ ಬರೋದಿಲ್ಲ, ಅದು ಒಳಗ ಆರಾಮ."

ನನಗೆ ಒಂದೇ ಏಟಿಗೆ ತಿಳಿಯಿತು. ನಾಲ್ಕು ಸಲ ಹೇಳಿಸಿದ್ದು ಅವಳಿಗೆ ಗಟ್ಟಿಯಾಗಲಿ ಅಂತ.

೨. ಬಸ್ಸಿನಲ್ಲಿ ತಾಲೀಮು

ಅಣ್ಣನ ಹತ್ತಿರ ಹೋಗುವಾಗ ಬಸ್ಸಿನಲ್ಲೇ ತಾಲೀಮು ಶುರುಮಾಡಿದೆ.

"ನೋಡ್ರೀ, ಕಂಡಕ್ಟರ್ ಅಂದ್ರ ಆಸಿಡ್. ಟಿಕೆಟ್ ಇಲ್ಲದವನ್ನ ಹಿಡಿಯಾಕ ಬರ್ತಾನ. ಆದ್ರ ಈ ಕ್ಷಯದ ಕ್ರಿಮಿ ಅವನ್ನ ತನ್ನ ಸೀಟಿನ ಕಡಿ ಬರದ್ಹಂಗ ಮಾಡತೈತಿ!"

ಜನ ಬಾಯಿ ತೆರೆದು ಕೇಳುತ್ತಿದ್ದರು. ಅಷ್ಟರಲ್ಲಿ ತಿಂದ ಮಿರ್ಚಿ ಭಜಿಯ ಖಾರ ನೆತ್ತಿಗೇರಿ ಕೆಮ್ಮತೊಡಗಿದೆ. ಮೂರು ಜನರ ಸೀಟು ನನ್ನೊಬ್ಬನದಾಯಿತು. ಕಂಡಕ್ಟರ್ ನನ್ನ ಟಿಕೆಟ್ಟನ್ನು ದೂರದಿಂದಲೇ ಕೈಯಿಂದ ಕೈಗೆ ದಾಟಿಸಿ ಕಳಿಸಿದ. ವಿಜ್ಞಾನ ಇಷ್ಟು ಬೇಗ ರುಜುವಾತಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

೩. ತಲೆಯಿಲ್ಲದ ಗಿಳಿಗಳು

"ಇಲ್ಲದ ಕಥಿ ಕಟ್ಟಬ್ಯಾಡ," ಎಂದು ಅಣ್ಣ ನನ್ನ ಕಂಡಕ್ಟರ್ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿ ಚಹಾಕ್ಕೆ ಎದ್ದ.

ಅವನ ಮಗ್ಗದ ಮೇಲೆ ತೂತು ಕೊರೆದ ರಟ್ಟಿನ ಪಟ್ಟಿಗಳ ಸಾಲಿದೆ. ತೂತು ಹೇಳಿದ ಹಾಗೆ ದಾರ ಏಳುತ್ತದೆ, ಅಂಚಿನಲ್ಲಿ ಗಿಳಿ ಮೂಡುತ್ತದೆ. ನಾನು ಕೆಲವು ತೂತುಗಳ ಮೇಲೆ ಕಾಗದ ಅಂಟಿಸಿಬಿಟ್ಟೆ. ಅಣ್ಣ ಬಂದು ಕೂತು, ನನ್ನನ್ನು ಬೈಯುತ್ತಲೇ ಗೇಣುದ್ದ ನೇಯ್ದ. ಆಮೇಲೆ ನೋಡುತ್ತಾನೆ, ಒಂದು ಗಿಳಿಗೂ ತಲೆಯಿಲ್ಲ.

"ಯಾವನೋ ಇದು ಮಾಡ್ದಾವ?"

"ಮಗ್ಗ ಸರಿ ಐತಿ, ದಾರ ಸರಿ ಐತಿ, ನಿನ್ನ ಕೈನೂ ಸರಿ ಐತಿ. ನಾಕು ತೂತು ಮುಚ್ಚಿದ್ದಷ್ಟ. ನಿನಗ ಗೊತ್ತಾತೇನು? ಎದಿಯೊಳಗೂ ಹಿಂಗ ನಡದೈತಿ, ಎಲ್ಲಾ ಸರಿ ಇದ್ದಂಗ ಕಾಣತೈತಿ, ಕ್ರಿಮಿ ಮಾತ್ರ ಗುರುತು ಅಳಿಸಿ ಒಳಗ ಕುಂತೈತಿ. ಕೆಮ್ಮಿಲ್ಲಂದ್ರ ಕ್ರಿಮಿನೂ ಇಲ್ಲಂತ ಅಲ್ಲಣ್ಣಾ!"

ಅಣ್ಣ ಸಂಜೆಯವರೆಗೆ ಹಲ್ಲು ಕಚ್ಚಿ ಒಂದೊಂದೇ ಎಳೆ ಬಿಚ್ಚಿದ. ಮರುದಿನ ತಾನೇ ಡಾಕ್ಟರ ಹತ್ತಿರ ನಡೆದ. ಅವರು ತಪಾಸಣೆ ಮಾಡಿ ಗುಳಿಗೆ ಮತ್ತೆ ಶುರುಮಾಡಿಸಿದರು. ಆಮೇಲೆ ಒಂದು ದಿನವೂ ತಪ್ಪಲಿಲ್ಲ. ತಿಂಗಳುಗಳು ಕಳೆದು ಗುಳಿಗೆ ಮುಗಿದ ಮೇಲೆ ಮಾಡಿದ ಕೊನೆಯ ಪರೀಕ್ಷೆಯಲ್ಲಿ ಕ್ರಿಮಿಯ ಸುಳಿವಿಲ್ಲ.

ಮಗಳು ಓಡಿಬಂದಳು. "ಅಪ್ಪಾ, ಕಾಕಾ ಹೇಳಿದ ವಿಜ್ಞಾನ ಕಡೀಗೂ ತಲಿಗೆ ಹೋತಲ್ಲ?"

ನಾನು ಕಾಲರ್ ಸರಿಮಾಡಿಕೊಂಡೆ.

ಅಣ್ಣ ನನ್ನತ್ತ ಬೆರಳು ತೋರಿಸಿದ. "ಎದಿಯೊಳಗಿನ ಕ್ರಿಮಿಗಾದ್ರ ಗುಳಿಗಿ ಐತಿ ಮಗಳ. ಒಂದಿನ ತಪ್ಪಿಸಿದ್ರ ಇವ ಮತ್ತ ಮಗ್ಗ ಮುಟ್ಟಾಕ ಬರ್ತಾನಂತ ಅಂಜಿ ನುಂಗಿದೆ. ಈ ಕ್ರಿಮಿಗೆ ಯಾವ ಗುಳಿಗಿ ಐತಿ?"