ಅಂಗಳದ ಪಾರ್ಸೆಲ್ ಕಪಾಟಿನವರ ಸನ್ನಿಧಾನಕ್ಕೆ

ಗೆ,
ಶ್ರೀಯುತ ಪಾರ್ಸೆಲ್ ಕಪಾಟಿನವರು,
ಸೈಕಲ್ ನಿಲ್ಲಿಸುವ ಜಾಗದ ಪಕ್ಕ, ಹಿಂದಿನ ಅಂಗಳ,
ಮೋಆಬಿಟ್, ಬರ್ಲಿನ್.

ಮಾನ್ಯರೇ,

ತಮ್ಮ ಹದಿನೆಂಟು ಬಾಗಿಲುಗಳಿಗೂ, ಅವುಗಳನ್ನು ಆಳುವ ಆ ಪುಟ್ಟ ಹೊಳೆಯುವ ಪರದೆಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ತಾವು ನಮ್ಮ ಅಂಗಳಕ್ಕೆ ದಯಮಾಡಿಸಿ ಐದು ವಾರವಾಯಿತು. ಈ ಊರಿನಲ್ಲಿ ಅಕ್ಕಪಕ್ಕದವರು ಒಬ್ಬರಿಗೊಬ್ಬರು ಹೆಸರು ಹೇಳಿಕೊಳ್ಳಲು ಒಂದೂವರೆ ವರ್ಷವಾದರೂ ತೆಗೆದುಕೊಳ್ಳುವುದು ವಾಡಿಕೆಯಾಗಿರುವಾಗ, ನಾನು ಐದೇ ವಾರಕ್ಕೆ ಪತ್ರ ಬರೆಯುತ್ತಿರುವುದನ್ನು ತಾವು ಅತಿ ಸಲಿಗೆಯೆಂದು ಭಾವಿಸಬಾರದಾಗಿ ವಿನಂತಿ.

ನನ್ನ ಹೆಸರು ರೆನಾಟೊ ಸಾಂಡೋವಲ್. ಚಿಲಿ ದೇಶದ ವಾಲ್ಪರೈಸೊದವನು, ಎಂಟು ವರ್ಷದಿಂದ ಇದೇ ಕಟ್ಟಡದ ನೆಲಮಹಡಿಯ ಬಾಡಿಗೆದಾರ. ಶಾಲೆಯ ಪುಸ್ತಕಗಳಿಗೆ ಭೂಪಟ ಬರೆದು ಜೀವನ ಸಾಗಿಸುತ್ತೇನೆ, ಅದೂ ಮನೆಯಲ್ಲೇ ಕುಳಿತು. ನೆಲಮಹಡಿಯಲ್ಲಿರುವ, ಹಗಲೆಲ್ಲ ಮನೆಯಲ್ಲಿರುವ, ಮೇಲಾಗಿ ಗಂಟೆ ಬಾರಿಸಿದರೆ ಬಾಗಿಲು ತೆರೆಯುವ ಮನುಷ್ಯನೊಬ್ಬ ಕೈಗೆ ಸಿಕ್ಕಿದರೆ ಬರ್ಲಿನ್ನಿನ ಪಾರ್ಸೆಲ್ ತರುವವರು ಬಿಟ್ಟಾರೆಯೇ? ಮೇಲಿನ ಮಹಡಿಯವರು ಕೆಲಸಕ್ಕೆ ಹೋಗಿದ್ದರೆ ಅವರ ಪೊಟ್ಟಣವನ್ನು ನನ್ನ ಕೈಗಿಟ್ಟು, 'ನಿಮ್ಮದು ಸಾಂಡೋವಲ್ ಬಳಿ ಇದೆ' ಎಂಬ ಚೀಟಿಯನ್ನು ಅವರ ಬಾಗಿಲಿಗೆ ಅಂಟಿಸಿ ಹೊರಟರೆ ತಂದವರ ಕೆಲಸ ಮುಗಿಯಿತು. ಹೀಗೆ ಮನೆಯಲ್ಲಿಲ್ಲದವರ ಪಾರ್ಸೆಲ್ ಕಾಯ್ದಿಟ್ಟು ಕೊಡುವ, ತಾವು ಈಗ ಅಲಂಕರಿಸಿರುವ ಹುದ್ದೆಯನ್ನು ಎಂಟು ವರ್ಷ ನಾನೇ ನಿಭಾಯಿಸಿದೆ, ಸಂಬಳವಿಲ್ಲದೆ, ಬಹುಪಾಲು ಕಾಲುಚೀಲದಲ್ಲೇ ನಿಂತು.

ಆ ಹುದ್ದೆಗೆ ನಾನು ಸೇರಿದ ಬಗೆಯನ್ನು ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ. ಇಲ್ಲಿಗೆ ಬಂದ ಎರಡನೆಯ ವಾರ ಒಬ್ಬ ಬಂದು ಒಂದು ಪೆಟ್ಟಿಗೆ ಕೊಟ್ಟು ಸಹಿ ಹಾಕಿಸಿಕೊಂಡು ಹೋದ. ಅದರ ಮೇಲೆ ಮೂರನೇ ಮಹಡಿಯ ಫ್ರಾವ್ ಟಿಷೆಂಡೋರ್ಫ್ ಎಂಬ ಹೆಂಗಸಿನ ಹೆಸರಿತ್ತು. ಹೊಸದಾಗಿ ಬಂದ ಬಿಡಾರಕ್ಕೆ ಪಕ್ಕದವರು ಏನಾದರೊಂದು ಕಳಿಸುವುದು ನಮ್ಮೂರಿನ ರೂಢಿಯಾದ್ದರಿಂದ, ಕಳಿಸಿದವರ ಹೆಸರೇ ಇರಬೇಕೆಂದು ನಾನು ತುಂಬು ಮನಸ್ಸಿನಿಂದ ಅದನ್ನು ಬಿಚ್ಚಿ, ಒಳಗಿದ್ದ ಬೂದು ಬಣ್ಣದ ಉಣ್ಣೆಯ ಚಪ್ಪಲಿಯನ್ನು ಆಗಲೇ ಮೆಟ್ಟಿಕೊಂಡೆ. ಸಂಜೆ ಚೀಟಿ ಹಿಡಿದು ಬಂದ ಆ ಹೆಂಗಸು ನನ್ನ ಮುಖ ನೋಡುವ ಮೊದಲು ಕಾಲು ನೋಡಿ, “ಅಯ್ಯೋ, ಹಾಕ್ಕೊಂಡೇ ಬಿಟ್ರಾ! ನನ್ನ ತಮ್ಮನಿಗೆ ಅಂತ ತರಿಸಿದ್ದು ಅದು” ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಕೆ ನಕ್ಕು, “ಇರ್ಲಿ ಬಿಡಿ, ಅವನು ಕೊಟ್ಟಿದ್ದನ್ನ ಯಾವತ್ತು ಹಾಕಿದಾನೆ? ನೀವೇ ಇಟ್ಕೊಳ್ಳಿ. ಮುಂದಿನ ಸಲ ಮಾತ್ರ ಹೆಸರು ಓದಿ ಆಮೇಲೆ ಕಾಲು ಹಾಕಿ” ಎಂದು ಹೇಳಿ ಮೆಟ್ಟಿಲು ಹತ್ತಿದರು. ಈ ಊರಿನಲ್ಲಿ ನನ್ನೊಡನೆ ನಕ್ಕು ಮಾತಾಡಿದ ಮೊದಲ ಮನುಷ್ಯರು ಅವರೇ.

ಅಲ್ಲಿಂದ ಮುಂದೆ ಪಾರ್ಸೆಲ್ಲುಗಳು ಬರುತ್ತಲೇ ಹೋದವು. ನಾಲ್ಕನೇ ಮಹಡಿಯ ಹೆರ್ ನೋವಾಕ್ ನಿವೃತ್ತ ಟ್ರಾಮ್ ಚಾಲಕರು, ರೈಲುಹಳಿಯಾಚೆ ಬಾಡಿಗೆಗೆ ಹಿಡಿದ ಚಿಕ್ಕ ತೋಟಕ್ಕೆ ಬೀಜ ತರಿಸುವವರು. ಮೊದಲ ಎರಡು ವರ್ಷ ಅವರು ಪೊಟ್ಟಣ ಕಿತ್ತುಕೊಂಡಂತೆ ಒಯ್ಯುತ್ತಿದ್ದರು. ಮೂರನೆಯ ವರ್ಷ, “ರೀ, ಒಬ್ಬನೇ ಏನು ಬೇಯಿಸ್ಕೊಂಡು ತಿಂತೀರಿ? ತಗೊಳ್ಳಿ” ಎಂದು ಮಗುವಿನ ತೊಡೆಯಷ್ಟು ದಪ್ಪದ ಸೀಮೆ ಸೌತೆಕಾಯಿಯೊಂದನ್ನು ಕೈಗಿಟ್ಟರು. ಆಮೇಲೆ ಬೇಸಿಗೆಯಲ್ಲಿ ಪೊಟ್ಟಣಕ್ಕೊಂದರಂತೆ ಸೌತೆಕಾಯಿ ಬಂದು, ಅದನ್ನು ಖರ್ಚು ಮಾಡಲು ನಾನು ಟಿಷೆಂಡೋರ್ಫ್ ಅವರಿಗೆ ಕೊಟ್ಟರೆ ಅವರು, “ನೋವಾಕ್ ನಂಗೂ ಎರಡು ಕೊಟ್ಟಿದಾನೆ ಕಣ್ರೀ, ನಿಮ್ಮ ಹತ್ರನೂ ಬಚಾವಾಗೋ ಹಾಗಿಲ್ವಾ” ಎಂದು ಬಾಗಿಲಲ್ಲೇ ನಿಂತು ಕಾಲುಗಂಟೆ ಬೈಯುತ್ತಿದ್ದರು.

ಇನ್ನು ನನ್ನ ಅಪರಾಧಕ್ಕೆ ಬರುತ್ತೇನೆ. ಕಳೆದ ಚಳಿಗಾಲದಲ್ಲಿ ಯಾರದೋ ಮಡಚುವ ಕುರ್ಚಿಗಳ ಪಾರ್ಸೆಲ್ಲಿಗೆ ನಡುಮನೆಯಲ್ಲೇ ಎಡವಿ ಮಂಡಿ ಊದಿಸಿಕೊಂಡ ದಿನ, ಇಲ್ಲಿನವರೆಲ್ಲ ಮಾಡುವಂತೆ ನಾನೂ ಮೆಟ್ಟಿಲ ಗೋಡೆಗೆ ಒಂದು ಕಾಗದ ಅಂಟಿಸಿದೆ: 'ಪ್ರಿಯ ನೆರೆಹೊರೆಯವರೇ, ನನ್ನ ನಡುಮನೆ ಗೋದಾಮಲ್ಲ.' ನಮ್ಮೂರಿನಲ್ಲಿ ಗೊಣಗುವುದೆಂದರೆ ಮಾತಿಗೆ ಪೀಠಿಕೆ. ಯಾರಾದರೂ ಬಂದು ಛೇಡಿಸಲಿ, ಮಂಡಿ ಹೇಗಿದೆ ಎಂದು ಕೇಳಲಿ ಎಂಬುದಷ್ಟೇ ಅದರ ಅರ್ಥ. ಇಲ್ಲಿ ಗೊಣಗುವುದೆಂದರೆ ಅರ್ಜಿ ಎಂಬುದು ಎಂಟು ವರ್ಷವಾದರೂ ನನ್ನ ತಲೆಗೆ ಹೋಗಿರಲಿಲ್ಲ.

ಮೂರೇ ದಿನದಲ್ಲಿ ಟಿಷೆಂಡೋರ್ಫ್ ಅವರೇ ಅಂಗಳಕ್ಕೊಂದು ಪಾರ್ಸೆಲ್ ಕಪಾಟು ಬೇಕೆಂದು ಮನವಿ ಬರೆದು, “ಪಾಪ, ಆ ಮನುಷ್ಯನಿಗೆ ಎಷ್ಟು ತೊಂದ್ರೆ ಕೊಟ್ವಿ ನಾವು, ನಾಚಿಕೆಯಾಗ್ಬೇಕು” ಎನ್ನುತ್ತ ಮನೆಮನೆ ಹತ್ತಿ ಇಳಿದು ಇಪ್ಪತ್ತು ಸಹಿ ಮಾಡಿಸಿದರು. ಇಪ್ಪತ್ತೊಂದನೆಯದು ನನ್ನದು, ಹಾಕದಿದ್ದರೆ ಚೆನ್ನಾಗಿರುವುದಿಲ್ಲವೆಂದು ನಾನೂ ಹಾಕಿದೆ. ಲಿಫ್ಟ್ ರಿಪೇರಿಗೆ ಹದಿನಾಲ್ಕು ತಿಂಗಳು ತೆಗೆದುಕೊಂಡ ನಮ್ಮ ಕಟ್ಟಡದ ಆಡಳಿತ ತಮ್ಮನ್ನು ಏಳು ವಾರದಲ್ಲಿ ತಂದು ನಿಲ್ಲಿಸಿತು. ಹೀಗೆ ತಮ್ಮ ಆಗಮನಕ್ಕೆ ಕಾರಣಕರ್ತನು ನಾನೇ ಆಗಿದ್ದೇನೆ.

ತಮ್ಮ ಸೇವೆಯಲ್ಲಿ ಕುಂದು ಹುಡುಕುವ ಧೈರ್ಯ ನನಗಿಲ್ಲ. ತಾವು ಯಾರ ಪೆಟ್ಟಿಗೆಯನ್ನೂ ಬಿಚ್ಚುವುದಿಲ್ಲ, ಸ್ನಾನಕ್ಕೆ ಹೋಗಿರುವುದಿಲ್ಲ, ಒಲೆಯ ಮೇಲಿನ ಹಾಲು ಉಕ್ಕಿತೆಂದು ಯಾರನ್ನೂ ಬಾಗಿಲಲ್ಲಿ ಕಾಯಿಸುವುದಿಲ್ಲ. ಆದರೆ ಈ ಐದು ವಾರದಲ್ಲಿ ನನ್ನ ಮನೆಯ ಗಂಟೆ ಎರಡೇ ಸಲ ಸದ್ದು ಮಾಡಿತು. ಒಮ್ಮೆ ಮೀಟರ್ ನೋಡುವವರು ಬಂದಿದ್ದರು, ಇನ್ನೊಮ್ಮೆ ಬಂದವರು ಬಾಗಿಲು ತಪ್ಪಿ ಬಂದವರು, ಅವರನ್ನು ನಾನು ಕಾಫಿಗೆ ಕರೆದೆ, ಅವರು ಹೆದರಿ ಹೋದರು. ನನಗೆ ಬೇಸರವಾಗಿದೆ, ಮಾನ್ಯರೇ. ಈ ಊರಿನಲ್ಲಿ ನನ್ನ ಬಾಗಿಲಿಗೆ ಬರುತ್ತಿದ್ದವರು ಪಾರ್ಸೆಲ್ಲಿಗಾಗಿ ಬರುತ್ತಿದ್ದರೆಂದು ಗೊತ್ತಿತ್ತು, ಅದಿಲ್ಲದೆ ಬರುವುದೇ ಇಲ್ಲವೆಂದು ಗೊತ್ತಿರಲಿಲ್ಲ.

ಮೊನ್ನೆ ತಮ್ಮ ಮುಂದೆ ಟಿಷೆಂಡೋರ್ಫ್ ಅವರು ನಿಂತು ಒಂದು ದೊಡ್ಡ ಪೆಟ್ಟಿಗೆಯನ್ನು ಹೊರಗೆಳೆಯುತ್ತಿದ್ದುದನ್ನು ತಾವೂ ಕಂಡಿದ್ದೀರಿ. ನಾನು ಓಡಿ ಹೋಗಿ ಕೈ ಹಾಕಿದರೆ, “ಬೇಡ ಬೇಡ, ಹೆರ್ ಸಾಂಡೋವಲ್, ನಿಮಗೆ ಇನ್ಮೇಲೆ ತೊಂದ್ರೆ ಕೊಡಲ್ಲ ಅಂತ ಮಾತು ಕೊಟ್ಟಿದೀವಲ್ಲ” ಎಂದು ಎದೆಗವಚಿಕೊಂಡು ಹೋಗಿಬಿಟ್ಟರು. ತೊಂದರೆ ಕೊಡಿ ಎಂದು ಕೇಳುವುದು ಹೇಗೆಂದು ನನಗೆ ಜರ್ಮನ್ನಿನಲ್ಲಿ ಯಾರೂ ಹೇಳಿಕೊಟ್ಟಿಲ್ಲ.

ಆದಕಾರಣ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳು. ಪೊಟ್ಟಣ ಕೊಡುವ ಮೊದಲು ತಾವು ಟಿಷೆಂಡೋರ್ಫ್ ಅವರ ತಮ್ಮನ ಸಮಾಚಾರ ಕೇಳಬೇಕು, ಆತನ ಮೇಲಿನ ದೂರುಗಳನ್ನು ತಲೆಯಾಡಿಸುತ್ತ ಕೇಳಿಸಿಕೊಳ್ಳಬೇಕು. ನೋವಾಕ್ ಕೊಡುವ ಸೌತೆಕಾಯಿಯನ್ನು ಸಂತೋಷದಿಂದ ಸ್ವೀಕರಿಸಿ, ಮರುದಿನ ಅದರ ಪಲ್ಯ ಬಹಳ ಚೆನ್ನಾಗಿತ್ತೆಂದು ಸುಳ್ಳು ಹೇಳಬೇಕು. ಸದ್ದಾಗುತ್ತದೆಂದು ಗಾಜಿನ ಬಾಟಲಿಯನ್ನೂ ತೊಟ್ಟಿಗೆ ಎಸೆಯಬಾರದೆಂಬ ಇಲ್ಲಿನ ಭಾನುವಾರದ ನಿಶ್ಶಬ್ದದಲ್ಲಿ ಕೂತವನೊಬ್ಬನಿದ್ದರೆ ಅವನ ಕಡೆಗೊಮ್ಮೆ ತಮ್ಮ ಯಾವುದಾದರೂ ಬಾಗಿಲನ್ನು ದಢಾರನೆ ಬಡಿಯಬೇಕು. ಇವು ಯಾವುವೂ ಆಗದಿದ್ದಲ್ಲಿ ವಾರಕ್ಕೊಂದು ಪಾರ್ಸೆಲ್ಲನ್ನಾದರೂ ತಾವು ಒಳಗೆ ಸೇರಿಸದೆ, ಜಾಗವಿಲ್ಲವೆಂದು ಹೇಳಿ ನನ್ನ ಕಡೆ ಕಳಿಸಿಕೊಡಬೇಕಾಗಿ ಪ್ರಾರ್ಥನೆ. ಮಂಡಿ ಈಗ ವಾಸಿಯಾಗಿದೆ.

ತಮ್ಮ ವಿಶ್ವಾಸಿ, ತಮ್ಮ ಹುದ್ದೆಯ ಹಿಂದಿನ ಅಧಿಕಾರಿ,
ರೆನಾಟೊ ಸಾಂಡೋವಲ್
ನೆಲಮಹಡಿ, ಎಡಬಾಗಿಲು

ಮರೆತ ಮಾತು: ಪತ್ರ ಬರೆದು ಮೂರು ದಿನ ಮೇಜಿನ ಮೇಲೆಯೇ ಬಿಟ್ಟಿದ್ದೆ. ಅಷ್ಟರಲ್ಲಿ ತಮ್ಮ ಪರದೆ ಕಪ್ಪಾಗಿ, ಹದಿನೆಂಟು ಬಾಗಿಲೂ ಬಿಗಿದುಕೊಂಡಿರುವುದು ತಿಳಿದು ವ್ಯಥೆಯಾಯಿತು. ತಮ್ಮ ರಿಪೇರಿಗೆಂದು ಹೊಸ ಪರದೆ ಇಂದು ಬೆಳಿಗ್ಗೆ ಪಾರ್ಸೆಲ್ಲಿನಲ್ಲಿ ಬಂದಿದೆ. ತಾವು ಬಾಗಿಲು ತೆರೆಯಲಿಲ್ಲ, ಆಡಳಿತದ ಕಚೇರಿಗೆ ಇಂದು ರಜೆ, ಹಾಗಾಗಿ ಸಹಿ ಹಾಕಿ ನಾನೇ ಇಟ್ಟುಕೊಂಡಿದ್ದೇನೆ. ತಮ್ಮ ಬಾಗಿಲಿಗೆ ಚೀಟಿ ಅಂಟಿಸಲಾಗಿದೆ. ವಿಳಾಸದಾರರು ಖುದ್ದಾಗಿ ನಡೆದು ಬಂದು, ಗಂಟೆ ಬಾರಿಸಿ, ಗುರುತಿನ ಚೀಟಿ ತೋರಿಸಿ ಒಯ್ಯತಕ್ಕದ್ದು. ಅವಸರವೇನೂ ಇಲ್ಲ.