ಗ್ರೂಪಿನಲ್ಲಿ ನಕ್ಕಿದ್ದು

ಮಗಳ ಕೈಗೆ ಫೋನ್ ಕೊಡುವ ಮೊದಲು ಅಪ್ಪನಾದವನು ಮಾಡಬೇಕಾದ್ದನ್ನೆಲ್ಲ ಮಾಡಿದ್ದೇನೆ ಎಂಬ ಹೆಮ್ಮೆ ನನಗಿತ್ತು. ಗುರುತಿಲ್ಲದವರ ಕರೆ ಎತ್ತಬೇಡ, ಫೋಟೊ ಕೇಳಿದರೆ ಕೊಡಬೇಡ, ಪಾಸ್‌ವರ್ಡ್ ಯಾರಿಗೂ ಹೇಳಬೇಡ ಎಂದು ಏಳನೇ ಕ್ಲಾಸಿನ ನಿಧಿಗೆ ಊಟಕ್ಕೆ ಕೂತಾಗಲೆಲ್ಲ ಉಪದೇಶ. ಫೋನಿಗೆ ನಾನು ಹಾಕಿದ ಬೀಗ ಎಷ್ಟು ಭದ್ರವಾಗಿತ್ತೆಂದರೆ, ಕೊನೆಗೆ ನನಗೇ ತೆಗೆಯಲು ಬಾರದೆ ಅವಳನ್ನೇ ಗೋಗರೆದು ತೆಗೆಸಿಕೊಂಡೆ. ಸಿದ್ದಾಪುರದ ಹತ್ತಿರ ಎಸ್ಟೇಟ್ ರೈಟರ್ ಆಗಿ ಆಳುಗಳ ಹಾಜರಿ ಹಿಡಿಯುವವನಿಗೆ ಕಾವಲು ಕಾಯುವುದು ಹೊಸದೇನಲ್ಲ. ಆದರೆ ನಾನು ಕಾದದ್ದು ಹೊರಗಿನಿಂದ ಬರುವವರನ್ನು ಮಾತ್ರ.

ಒಂದು ಸಂಜೆ ನಿಧಿ ಫೋನ್ ಹಿಡಿದು ಒಬ್ಬಳೇ ನಗುತ್ತಿದ್ದಳು. "ಏನವ್ವ ಅದು, ನಂಗೂ ತೋರ್ಸು" ಎಂದು ನನ್ನ ಅಮ್ಮ ಕನ್ನಡಕ ಏರಿಸಿದರು. ಕ್ಲಾಸಿನ ಗ್ರೂಪಿಗೆ ಸೆಲ್ವಿ ಎಂಬ ಹುಡುಗಿ ಪಾಠ ಓದಿ ಧ್ವನಿ ಕಳಿಸಿದ್ದಳು. ಅವಳ ಮನೆಮಾತು ತಮಿಳು. "ಗಾಳಿ ಬಂತು" ಎನ್ನುವುದು "ಕಾಳಿ ಬಂತು" ಆಗಿತ್ತು. ಯಾರೋ ಅವಳ ಫೋಟೊಗೆ ಉದ್ದ ನಾಲಿಗೆ ಅಂಟಿಸಿ ಸ್ಟಿಕ್ಕರ್ ಮಾಡಿದ್ದರು. ನಮ್ಮ ನಿಧಿ ಅದನ್ನೇ ಮೇಲಿಂದ ಮೇಲೆ ಕಳಿಸಿದ್ದಳು.

ಅಮ್ಮ ನಗಲಿಲ್ಲ. "ಆ ಮಗು ಏನಂತು?"

"ಅವಳು ಶಾಲೆಗೇ ಬರ್ತಿಲ್ಲ ಅಜ್ಜಿ" ಎನ್ನುವಾಗ ನಿಧಿಯ ನಗು ಅರ್ಧಕ್ಕೇ ನಿಂತಿತು. ಅವಸರದಲ್ಲಿ 'ಸಾರಿ' ಎಂದು ಬರೆದು, ಕೈಮುಗಿಯುವ ಚಿತ್ರಗಳನ್ನು ಸಾಲಾಗಿ ಜೋಡಿಸತೊಡಗಿದಳು.

"ಆ ಕೈಮುಗಿಯೋ ಬೊಂಬೆಗೆ ಕಾಲಿಲ್ಲ. ನಿಂಗೈತೆ. ನಡಿ" ಎಂದರು ಅಮ್ಮ.

ಸೆಲ್ವಿಯ ತಾಯಿ ನಮ್ಮ ಎಸ್ಟೇಟಿನಲ್ಲೇ ಕಾಫಿ ಕೊಯ್ಯುವವರು. ದಿನವೂ ನನ್ನೆದುರು ನಿಂತು ಹೆಸರು ಬರೆಸುವವರ ಲೈನ್ ಮನೆಗೆ, ಆಳುಗಳ ಆ ಸಾಲುಮನೆಗೆ, ನಾನು ತಪ್ಪೊಪ್ಪಿಕೊಳ್ಳಲು ಹೋಗುವುದೆಂದರೆ! "ನಾಳೆ ಅವರೇ ಸಿಗ್ತಾರಲ್ಲಮ್ಮ, ಆಗ ಹೇಳಿದ್ರಾಯ್ತು" ಎಂದು ಗೊಣಗಿದೆ. "ನಕ್ಕಿದ್ದು ನಮ್ಮನೆ ಮಗು. ಹೋಗ್ಬೇಕಾದೋರೂ ನಾವೇ" ಎಂದು ಅಮ್ಮ ಸೆರಗು ಸಿಕ್ಕಿಸಿ ಮುಂದೆ ನಡೆದೇಬಿಟ್ಟರು.

ನಮ್ಮನ್ನು ಕಂಡು ಸೆಲ್ವಿಯ ತಾಯಿಗೆ ಗಾಬರಿ. "ಏನ್ ರೈಟರ್ ಸಾರ್, ನಾಳೆ ಕೆಲ್ಸ ಇಲ್ವಾ?" ನಿಧಿ ಬಾಯಿ ತೆರೆದಳು, ಮಾತಿನ ಬದಲು ಅಳು ಬಂತು. ಹೇಗೋ "ತಪ್ಪಾಯ್ತು ಸೆಲ್ವಿ" ಎಂದಳು.

ಸೆಲ್ವಿ ಬಾಗಿಲಿಗೆ ಒರಗಿ ನಿಂತೇ ಇದ್ದಳು. "ಬೇರೆಯವ್ರು ನಕ್ಕಿದ್ರೆ ಪರ್ವಾಗಿಲ್ಲ. ಬಸ್ಸಲ್ಲಿ ದಿನಾ ನನ್ನ ಪಕ್ಕ ಕೂರೋ ನೀನು ನಕ್ಕಿದ್ಯಲ್ಲ. ಇಲ್ಲಿ ಹೇಳಿದ್ರೆ ಸಾಕಾಗಲ್ಲ. ಎಲ್ಲರ ಮುಂದೆ ನಕ್ಕಿದ್ದಲ್ವಾ? ಎಲ್ಲರ ಮುಂದೆ ಹೇಳು."

ನಿಧಿ ಅಲ್ಲೇ ಮೂಗೊರೆಸಿಕೊಂಡು ಗ್ರೂಪಿಗೆ ಧ್ವನಿ ಕಳಿಸಿದಳು: "ಸೆಲ್ವಿಗೆ ಎರಡು ಭಾಷೆ ಬರುತ್ತೆ, ನಂಗೆ ಒಂದೇ. ನಾನು ನಗಬಾರ್ದಿತ್ತು. ಎಲ್ಲರೂ ಆ ಸ್ಟಿಕ್ಕರ್ ಅಳಿಸ್ಬಿಡಿ, ಪ್ಲೀಸ್." ಸೆಲ್ವಿಯ ತಾಯಿ ಎಲ್ಲರಿಗೂ ಹಾಲಿಲ್ಲದ ಕಟ್ಟಂಚಾಯ ಕೊಟ್ಟರು. ಸೋಮವಾರ ಹುಡುಗಿಯರಿಬ್ಬರೂ ಬಸ್ಸಿನ ಒಂದೇ ಸೀಟಿನಲ್ಲಿ ಕೂತು ಹೋದದ್ದನ್ನು ನಾನೇ ನೋಡಿದೆ. ನನ್ನ ಬೀಗಗಳು ಕಲಿಸದ್ದನ್ನು ಫೋನೇ ಮುಟ್ಟದ ಅಮ್ಮ ಕಲಿಸಿದರು; ಮುಖ ನೋಡಿ ನಿಜ ಹೇಳಿದ ಆ ಹುಡುಗಿ ಉಳಿದದ್ದನ್ನು ಕಲಿಸಿದಳು. ಇಬ್ಬರನ್ನೂ ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. "ಅಪ್ಪಾ, ನೀವು ಮಾವನ ಗೊರಕೆ ರೆಕಾರ್ಡ್ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದ್ರಲ್ಲ, ಅವ್ರನ್ನ ಕೇಳಿದ್ರಾ?" ಎಂದಳು ನಿಧಿ. ಭಾನುವಾರ ಮಡಿಕೇರಿ ಬಸ್ಸು ಹತ್ತಿ ಹೋಗಿ ಭಾವಮೈದುನನ ಮುಂದೆ ತಲೆತಗ್ಗಿಸಿದೆ.

"ಅಯ್ಯೋ ಬಿಡಿ ಭಾವ, ನಂಗೇನೂ ಬೇಜಾರಿಲ್ಲ" ಎಂದು ಅವನು ಬೆನ್ನು ತಟ್ಟಿದ. "ಅದು ನಿಮ್ಮ ಗೊರಕೆ ಅಂತ ಅವತ್ತೇ ಎಲ್ಲರಿಗೂ ಫೋನ್ ಮಾಡಿ ಹೇಳ್ಬಿಟ್ಟಿದ್ದೀನಿ."

ಎಲ್ಲರೂ ನಂಬಿದರಂತೆ. ನಂಬದ ಒಬ್ಬಿಬ್ಬರಿಗೆ ನನ್ನ ಹೆಂಡತಿಯೇ ಸಾಕ್ಷಿ ಹೇಳಿದಳಂತೆ.